ಚಿತ್ರ ನೋಡಿ ಆಟ ಆಡಬಹುದೇ?

ಮಕ್ಕಳ ಆಟವನ್ನು ಕುರಿತ ಯಾವುದೇ ಹಳೆಯ ಚಿತ್ರವನ್ನೋ ಶಿಲ್ಪವನ್ನೋ ಕಂಡಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದೊಂದನ್ನೇ ನೋಡಿ, ಬೇರೆ ಯಾರೂ ಹೇಳಿಕೊಡದೆ, ನಾಲ್ಕು ಜನ ಹುಡುಗರು ಆ ಆಟವನ್ನು ಆಡಬಲ್ಲರೇ? ಬಣ್ಣ, ರೇಖೆ, ಬೆಳಕು, ಸಂಯೋಜನೆ ಎಲ್ಲವೂ ಆಮೇಲಿನ ಮಾತು. ಹಿಡಿಯುವವರು ಯಾರು, ತಪ್ಪಿಸಿಕೊಳ್ಳುವವರು ಯಾರು, ಗೆರೆ ಎಲ್ಲಿದೆ, ಕೈ ಬಿಟ್ಟ ಕಲ್ಲು ಮೇಲೆ ಹೋಗುತ್ತಿದೆಯೋ ಕೆಳಗೆ ಬರುತ್ತಿದೆಯೋ ಎಂಬಷ್ಟು ತಿಳಿದರೆ ಆ ಕಲಾವಿದ ಆಟದ ಬಯಲಿನ ಅಂಚಿನಲ್ಲಿ ಸ್ವಲ್ಪ ಹೊತ್ತಾದರೂ ನಿಂತಿದ್ದಾನೆ ಎಂದು ನಂಬಬಹುದು. ಬಾಗಲಕೋಟೆ ಜಿಲ್ಲೆಯ ಶಾಲೆಗಳಲ್ಲಿ ಚಿತ್ರಕಲೆ ಕಲಿಸುತ್ತ ಬಂದವನೊಬ್ಬನ ಅಳತೆ ಇದು. ಕಲಾವಿಮರ್ಶಕರು ಇದನ್ನು ಒಪ್ಪಬೇಕೆಂಬ ಹಟವೇನೂ ನನಗಿಲ್ಲ.

ಈ ಅಳತೆಗೆ ಹಚ್ಚಿ ನೋಡಿದರೆ ಬಹಳಷ್ಟು ಪ್ರಸಿದ್ಧ ಕೃತಿಗಳು ಉಳಿಯುವುದಿಲ್ಲ. ಅವು ಕೆಟ್ಟ ಕೃತಿಗಳೆಂದಲ್ಲ. ಅವುಗಳನ್ನು ಮಾಡಿದವರಿಗೂ ಮಾಡಿಸಿದವರಿಗೂ ಆಟ ಬೇಕಾಗಿರಲಿಲ್ಲ, ಆಟದ ಮೂಲಕ ಹೇಳಬೇಕಾದ ಬೇರೇನೋ ಇತ್ತು. ಮನೆತನ ಬೆಳೆಯಲಿ ಎಂಬ ಹಾರೈಕೆ, ಆಯುಷ್ಯ ಸ್ಥಿರವಲ್ಲ ಎಂಬ ಬೋಧನೆ, ಮಗುವಿನ ರೂಪದಲ್ಲಿ ದೇವರು, ದೊಡ್ಡವರ ಕಳೆದುಹೋದ ಬಾಲ್ಯ ಹೀಗೆ. ಮಕ್ಕಳು ಅಲ್ಲಿ ನೆಪಮಾತ್ರಕ್ಕೆ ಇರುತ್ತಾರೆ. ಆಟವನ್ನು ಆಟವಾಗಿಯೇ ಕಂಡ ಕೃತಿಗಳು ಯಾವುವು, ಕಾಣದೆ ಹೋದವುಗಳಲ್ಲಿ ಏನು ನಡೆದಿದೆ ಎಂದು ಯೋಚಿಸುತ್ತ ಬಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಪೀಟರ್ ಬ್ರೂಗೆಲ್. ನೆದರ್ಲ್ಯಾಂಡ್ಸ್ ಸೀಮೆಯ ಈ ಕಲಾವಿದ 1560ರಲ್ಲಿ ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದ ‘ಮಕ್ಕಳ ಆಟಗಳು’ ಈಗ ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿದೆ. ಎತ್ತರ ನಾಲ್ಕು ಅಡಿಗೆ ತುಸು ಕಡಿಮೆ, ಅಗಲ ಐದು ಅಡಿಗೆ ತುಸು ಹೆಚ್ಚು. ಅಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಹೆಚ್ಚು ಆಟಗಳು. ಊರಿನ ಚೌಕ, ಅದರಿಂದ ದೂರದವರೆಗೆ ಓಡುವ ಬೀದಿ, ಒಂದು ಪಕ್ಕದಲ್ಲಿ ಹಳ್ಳ, ಎಲ್ಲವೂ ಮಕ್ಕಳ ವಶದಲ್ಲಿವೆ. ದೊಡ್ಡವರನ್ನು ಹುಡುಕಿಯೇ ಕಾಣಬೇಕು. ಒಂದು ಕಡೆ ಪೀಪಾಯಿಯ ಬಳೆಯನ್ನು ಕೋಲಿನಿಂದ ಹೊಡೆದು ಓಡಿಸುತ್ತಿದ್ದಾರೆ. ನಮ್ಮಲ್ಲಿ ಸೈಕಲ್ಲಿನ ಹಳೆಯ ಟಾಯರಿನಿಂದ ಆಡುವ ಗಾಲಿ ಆಟವಲ್ಲದೆ ಅದು ಬೇರೆ ಏನೂ ಅಲ್ಲ. ಬಗ್ಗಿ ನಿಂತವರ ಬೆನ್ನ ಮೇಲಿಂದ ಒಬ್ಬೊಬ್ಬರಾಗಿ ಹಾರುವವರು, ಕೋಲುಗಾಲು ಕಟ್ಟಿಕೊಂಡು ನಡೆಯುವವರು, ಹಂದಿಯ ಮೂತ್ರಕೋಶಕ್ಕೆ ಗಾಳಿ ಊದುವವರು, ತಲೆಕೆಳಗಾಗಿ ನಿಂತವರು, ಬುಗುರಿ ಆಡಿಸುವವರು, ಕಣ್ಣು ಮುಚ್ಚಿಸಿಕೊಂಡು ತಡಕಾಡುವವರು, ಸುಳ್ಳುಮದುವೆಯ ಮೆರವಣಿಗೆ ಹೊರಟವರು, ನೀರಿಗಿಳಿದವರು ಎಲ್ಲರೂ ಒಂದೇ ಚೌಕಟ್ಟಿನಲ್ಲಿದ್ದಾರೆ. ಇಷ್ಟರ ನಡುವೆ ಕಡ್ಡಿಯಿಂದ ಮಲವನ್ನು ಕೆದಕುತ್ತ ಕುಳಿತ ಕೂಸೊಂದಿದೆ. ಬಾಲ್ಯವೆಂದರೆ ಹೂವು ಚಿಟ್ಟೆ ಎಂದುಕೊಂಡವರು ಆ ಮೂಲೆಯನ್ನು ಬೇಗ ದಾಟಿ ಮುಂದೆ ಹೋಗುತ್ತಾರೆ. ಬ್ರೂಗೆಲ್ ದಾಟಲಿಲ್ಲ.

ಈ ಚಿತ್ರದ ದೊಡ್ಡ ಪ್ರತಿಯೊಂದನ್ನು ಎಂಟನೆಯ ತರಗತಿಯ ಗೋಡೆಗೆ ತೂಗುಹಾಕಿದಾಗ ನಾನೇನೂ ವಿವರಣೆ ಕೊಡಲಿಲ್ಲ. ಹುಡುಗಿಯರ ಗುಂಪು ಬಲಗಡೆಯ ಕೆಳಮೂಲೆಗೆ ಹೋಗಿ ನಿಂತಿತು. ಅಲ್ಲಿ ಮಗುವೊಂದು ಇಟ್ಟಂಗಿಯನ್ನು ಕೆರೆದು ಕೆಂಪು ಪುಡಿ ಮಾಡಿ ಅಂಗಡಿ ಹೂಡಿದೆ. ‘ಸರ್, ಇದು ಖಾರಪುಡಿ’ ಎಂದಳೊಬ್ಬಳು, ಯಾವ ಅನುಮಾನವೂ ಇಲ್ಲದೆ. ನಮ್ಮ ಓಣಿಗಳಲ್ಲಿ ಅಡುಗೆ ಆಟವಾಡುವ ಹುಡುಗಿಯರು ಇಟ್ಟಂಗಿ ತಿಕ್ಕಿ ಮಾಡುವುದು ಅದನ್ನೇ. ನಾಲ್ಕೂವರೆ ಶತಮಾನಗಳ ಹಿಂದೆ, ಖಾರಪುಡಿಯ ಹೆಸರೂ ಕೇಳಿರದ ಊರಿನಲ್ಲಿ, ಅದೇ ಬೆರಳು ಅದೇ ಕೆಲಸವನ್ನು ಮಾಡುತ್ತಿತ್ತು ಎಂಬುದು ಅವರಿಗೆ ಆಶ್ಚರ್ಯವನ್ನೇ ಉಂಟುಮಾಡಲಿಲ್ಲ. ಚಿತ್ರದ ಮಕ್ಕಳಲ್ಲಿ ಯಾರೂ ಯಾಕೆ ನಗುತ್ತಿಲ್ಲ ಎಂಬುದೇ ಅವರ ತಕರಾರು.

ಆ ತಕರಾರು ವಿದ್ವಾಂಸರದೂ ಹೌದು. ಬ್ರೂಗೆಲ್ಲನ ಮಕ್ಕಳ ಮುಖಗಳು ಪುಟ್ಟ ಮುದುಕರ ಮುಖಗಳಂತೆ ಗಂಭೀರವಾಗಿವೆ. ಇದರಿಂದ ಕೆಲವರು, ಈ ಚಿತ್ರ ದೊಡ್ಡವರ ಮೂರ್ಖತನದ ರೂಪಕ, ದೇವರ ಕಣ್ಣಿನಲ್ಲಿ ನಮ್ಮ ಎಲ್ಲ ವ್ಯವಹಾರಗಳೂ ಹುಡುಗಾಟಿಕೆಯೇ ಎಂದು ಹೇಳುವ ನೀತಿಚಿತ್ರ ಎಂದರು. ಇನ್ನು ಕೆಲವರು, ಇದು ಆಟಗಳ ಕೋಶ, ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬೇಕಾಗಿಲ್ಲ ಎಂದರು. ನನಗೆ ಎರಡನೆಯ ಪಕ್ಷ ಸರಿಯೆನಿಸುತ್ತದೆ, ಮತ್ತು ಅದಕ್ಕೆ ಆ ಗಂಭೀರ ಮುಖಗಳೇ ಆಧಾರ. ಗೋಲಿ ಹೊಡೆಯುವ ಗಳಿಗೆಯಲ್ಲಿ ಒಂದು ಕಣ್ಣು ಮುಚ್ಚಿ ಗುರಿಯಿಟ್ಟ ಹುಡುಗನ ಮುಖವನ್ನು ನೋಡಿದವರಿಗೆ ಗೊತ್ತು, ಆಗ ಅವನು ನಗುವುದಿಲ್ಲ. ನಗು ಬರುವುದು ಆಟ ಕೆಟ್ಟಾಗ, ಇಲ್ಲವೆ ಮುಗಿದಾಗ. ನಗುವ ಮಕ್ಕಳನ್ನು ಬರೆಯುವ ಚಿತ್ರಕಾರ ಹೆಚ್ಚಾಗಿ ತನ್ನ ಕಡೆ ನೋಡಿ ನಗುವ ಮಕ್ಕಳನ್ನೇ ಬರೆಯುತ್ತಾನೆ, ಅಂದರೆ ಆಟ ನಿಲ್ಲಿಸಿದವರನ್ನು.

ಬ್ರೂಗೆಲ್ಲನಲ್ಲಿ ಇನ್ನೊಂದು ಸಂಗತಿಯಿದೆ. ಅವನು ದೃಶ್ಯವನ್ನು ಮಾಳಿಗೆಯ ಮೇಲಿಂದ ನೋಡಿದಂತೆ ಬರೆದಿದ್ದಾನೆ. ದಿಗಂತ ಬಹಳ ಮೇಲಿದೆ; ನೆಲವೇ ಚಿತ್ರದ ಬಹುಭಾಗವನ್ನು ಆಕ್ರಮಿಸಿಕೊಂಡಿದೆ. ಆದ್ದರಿಂದ ಒಬ್ಬರ ಹಿಂದೆ ಒಬ್ಬರು ಮರೆಯಾಗುವುದು ಕಡಿಮೆ. ಆಟಕ್ಕೆ ಎಷ್ಟು ಜಾಗ ಬೇಕು, ಯಾರು ಯಾರ ಎದುರಿದ್ದಾರೆ ಎಂಬುದೆಲ್ಲ ಸ್ಪಷ್ಟ. ಈ ಮೇಲುನೋಟ ಯಾಕೆ ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಅದೇ ಚಿತ್ರದ ಎಡಗಡೆಯ ಕೆಳಭಾಗದಲ್ಲಿ ಇಬ್ಬರು ಕುಳಿತು ಮೂಳೆಗಳನ್ನು ಚಿಮ್ಮಿ ಹಿಡಿಯುತ್ತಿದ್ದಾರೆ. ಕುರಿ ಮೇಕೆಗಳ ಹಿಂಗಾಲಿನ ಗಿಣ್ಣಿನ ಮೂಳೆಗಳು ಅವು. ನಮ್ಮ ಹುಡುಗಿಯರು ಐದು ಹರಳು ಹಿಡಿದು ಆಡುವ ಆಣಿಕಲ್ಲಿನ ಆಟದ ಬಳಗ. ಈ ಆಟದ ಚಿತ್ರಗಳ ವಂಶಾವಳಿ ದೊಡ್ಡದು. ಇಟಲಿಯ ಹರ್ಕುಲೇನಿಯಂ ಪಟ್ಟಣ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಕೆಳಗೆ ಹೂತುಹೋಯಿತಷ್ಟೆ. ಅಲ್ಲಿ ಸಿಕ್ಕ, ಅಥೆನ್ಸಿನ ಅಲೆಕ್ಸಾಂಡ್ರೋಸ್ ಎಂಬವನ ರುಜು ಇರುವ ಅಮೃತಶಿಲೆಯ ಮೇಲಿನ ಚಿತ್ರವೊಂದು ಈಗ ನೇಪಲ್ಸ್ ನಗರದ ಸಂಗ್ರಹಾಲಯದಲ್ಲಿದೆ. ಐವರು ಹೆಣ್ಣುಮಕ್ಕಳಲ್ಲಿ ಮೂವರು ನಿಂತಿದ್ದಾರೆ, ಇಬ್ಬರು ಮುಂದೆ ಮೊಣಕಾಲೂರಿ ಗಿಣ್ಣಿನ ಮೂಳೆಗಳನ್ನು ಆಡುತ್ತಿದ್ದಾರೆ. ಚಿಮ್ಮಿದ ಮೂಳೆಗಳನ್ನು ಅಂಗೈ ಮಗುಚಿ ಮುಂಗೈಯ ಹಿಂಬದಿಯಲ್ಲಿ ಹಿಡಿಯುವ ಆ ಗಳಿಗೆ ಅಲ್ಲಿ ಸೆರೆಯಾಗಿದೆ. ಆಣಿಕಲ್ಲು ಬಲ್ಲ ಯಾವ ಹುಡುಗಿಗೂ ಇದನ್ನು ವಿವರಿಸಬೇಕಾಗಿಲ್ಲ. ನಿಂತವರಲ್ಲಿ ಇಬ್ಬರು ಲೆಟೊ ಮತ್ತು ನಿಯೋಬೆ. ಮುಂದೆ ನಿಯೋಬೆ ತನ್ನ ಮಕ್ಕಳ ಸಂಖ್ಯೆಯನ್ನು ಹೇಳಿಕೊಂಡು ಜಂಬಪಟ್ಟದ್ದಕ್ಕಾಗಿ ಲೆಟೊಳ ಮಕ್ಕಳು ನಿಯೋಬೆಯ ಮಕ್ಕಳನ್ನೆಲ್ಲ ಕೊಲ್ಲುತ್ತಾರೆ ಎಂಬುದು ಗ್ರೀಕರ ಕಥೆ. ನೋಡುವವರ ಮನಸ್ಸಿನಲ್ಲಿ ಆ ಕಥೆ ಇದ್ದೇ ಇರುತ್ತದೆ. ಆದರೆ ಚಿತ್ರಕಾರ ಕಥೆಯ ಭಾರವನ್ನು ನಿಂತವರ ಮೇಲೆ ಹೊರಿಸಿ, ಕುಳಿತವರ ಕೈಗಳನ್ನು ಆಟಕ್ಕೆ ಬಿಟ್ಟುಕೊಟ್ಟಿದ್ದಾನೆ. ಅರ್ಥವೂ ಉಳಿಯಿತು, ಆಟವೂ ಉಳಿಯಿತು.

ಅಥೆನ್ಸಿನವರು ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಹೊತ್ತಿಗೆ ಮಾಡುತ್ತಿದ್ದ ಪುಟ್ಟ ಮಣ್ಣಿನ ಹೂಜಿಗಳನ್ನು ಕುರಿತು ಓದಿದಾಗ ಮಾತ್ರ ನನ್ನ ಪ್ರಶ್ನೆ ಬಾಯಿ ಮುಚ್ಚಿಕೊಂಡಿತು. ವಸಂತದ ಹಬ್ಬವೊಂದಕ್ಕೆ ಸಂಬಂಧಿಸಿದ ಆ ಹೂಜಿಗಳ ಮೇಲೆ ಅಂಬೆಗಾಲಿಡುವ, ಪುಟ್ಟ ಗಾಡಿ ಎಳೆಯುವ, ನಾಯಿಮರಿಯ ಜೊತೆಗಿರುವ, ಕೊರಳಿಗೆ ತಾಯತದ ಸರ ಹಾಕಿಕೊಂಡ ಕೂಸುಗಳಿವೆ. ಅಂಥ ಹೂಜಿಗಳು ಮಕ್ಕಳ ಸಮಾಧಿಗಳಲ್ಲಿಯೂ ಸಿಕ್ಕಿವೆ. ಅಲ್ಲಿ ಆಟದ ನಿಯಮ ಕಾಣುತ್ತದೆಯೇ ಎಂದು ಕೇಳುವುದು ಅಸಭ್ಯತನ.

ಚೀನಾದ ಕಡೆಗೆ ಹೋದರೆ ಮಕ್ಕಳಾಟದ ಚಿತ್ರಗಳ ಜಾತ್ರೆಯೇ ಇದೆ. ಆದರೆ ಅಲ್ಲಿ ನೂರಾರು ವರ್ಷಗಳ ಕಾಲ ಈ ವಿಷಯವನ್ನು ನಡೆಸಿದ್ದು ಸಂತಾನದ ಹಾರೈಕೆ. ‘ನೂರು ಮಕ್ಕಳು’ ಎಂಬ ವಸ್ತುವನ್ನು ಪಿಂಗಾಣಿಯ ಮೇಲೆ, ರೇಷ್ಮೆಯ ಮೇಲೆ ಮತ್ತೆ ಮತ್ತೆ ಬರೆದರು. ಅವರಲ್ಲಿ ಹೆಚ್ಚಿನವರು ಗಂಡುಮಕ್ಕಳೇ. ನಮ್ಮಲ್ಲಿ ಹೊಸ ಮದುಮಗಳಿಗೆ ಹಿರಿಯರು ‘ಅಷ್ಟಪುತ್ರ ಸೌಭಾಗ್ಯವತಿ’ ಎಂದು ಹರಸುತ್ತಾರಲ್ಲ, ಅದೇ ಹರಕೆಯನ್ನು ಅಲ್ಲಿ ಬಣ್ಣದಲ್ಲಿ ಬರೆದುಕೊಡುತ್ತಿದ್ದರು. ಇಂಥ ಚಿತ್ರಗಳಲ್ಲಿ ಮಕ್ಕಳು ದುಂಡಗೆ, ಚೊಕ್ಕಟವಾಗಿ, ಸಂತುಷ್ಟರಾಗಿ ಇರುತ್ತಾರೆ. ಯಾರ ಮೊಣಕಾಲೂ ತರಚಿರುವುದಿಲ್ಲ.

ಆ ಪರಂಪರೆಯೊಳಗಿದ್ದೂ ಆಟವನ್ನು ಬಿಡದೆ ನೋಡಿದವನು 12ನೆಯ ಶತಮಾನದ ಸು ಹಾನ್‌ಚೆನ್. ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿರುವ ಅವನ ಚಿತ್ರದಲ್ಲಿ ಶರತ್ಕಾಲದ ತೋಟ, ಎತ್ತರವಾಗಿ ನಿಂತ ಒಂದು ಕಲ್ಲು, ಹೂಬಿಟ್ಟ ಗಿಡಗಳು, ನಡುವೆ ಒಂದು ಮಣೆಯ ಸುತ್ತ ಅಕ್ಕ ಮತ್ತು ತಮ್ಮ. ಅವರು ಆಡುತ್ತಿರುವುದು ಬೋರೆಯ ಜಾತಿಗೆ ಸೇರಿದ ಒಂದು ಹಣ್ಣಿನ ಆಟ. ಹಣ್ಣಿನ ಮೇಲರ್ಧವನ್ನು ಕೊಯ್ದು ಬೀಜದ ತುದಿ ಕಾಣುವಂತೆ ಮಾಡಬೇಕು; ಕೆಳಗೆ ಮೂರು ಕಡ್ಡಿ ಚುಚ್ಚಿ ಕಾಲು ಕೊಡಬೇಕು; ಬಿದಿರಿನ ಸಣ್ಣ ಸೀಳಿನ ಎರಡು ತುದಿಗೂ ಒಂದೊಂದು ಹಣ್ಣು ಸಿಕ್ಕಿಸಿ ಅದನ್ನು ಬೀಜದ ಮೊನೆಯ ಮೇಲೆ ತೂಗುವಂತಿಟ್ಟು, ಬೀಳದ ಹಾಗೆ ಮೆಲ್ಲಗೆ ತಿರುಗಿಸಬೇಕು. ಕೆಡವಿದವರು ಸೋತರು. ನೋಡಿ, ಎಂಟುನೂರು ವರ್ಷ ಹಳೆಯ ಚಿತ್ರದಿಂದ ಈ ಆಟವನ್ನು ನಾಳೆಯೇ ಆಡಬಹುದು, ಸಂಕ್ರಾಂತಿಯ ಹೊತ್ತಿಗೆ ನಮ್ಮ ಸಂತೆಗಳಲ್ಲಿ ಬೋರೆಹಣ್ಣಿಗೇನೂ ಬರವಿಲ್ಲ. ಮಕ್ಕಳ ತಲೆಗಳು ಹತ್ತಿರ ಬಂದಿವೆ, ಇಬ್ಬರ ನೋಟವೂ ಒಂದೇ ಬಿಂದುವಿನಲ್ಲಿದೆ. ಹಿಂದೆ ಇನ್ನೊಂದು ಮಣೆಯ ಮೇಲೆ ಬೇರೆ ಆಟಿಕೆಗಳು ಬಿದ್ದಿವೆ. ಈ ಆಟದ ಮುಂದೆ ಅವು ಬೇಡವಾಗಿವೆ ಎಂಬುದನ್ನೂ ಚಿತ್ರಕಾರ ಹೇಳದೆ ಬಿಟ್ಟಿಲ್ಲ.

ಅದೇ ಚೀನಾದ ಲಿ ಸಾಂಗ್ ಎಂಬವನು ಆಟಿಕೆ ಮಾರುವವನನ್ನು ಮತ್ತೆ ಮತ್ತೆ ಬರೆದ. ಅಮೆರಿಕದ ಕ್ಲೀವ್‌ಲ್ಯಾಂಡ್ ಸಂಗ್ರಹಾಲಯದಲ್ಲಿರುವ ಅಂಥ ಒಂದು ಚಿತ್ರದಲ್ಲಿ 1212ರ ತಾರೀಖಿದೆ. ಹೊರೆಯೊಳಗೆ ಲೆಕ್ಕಕ್ಕೆ ಸಿಗದಷ್ಟು ಸಣ್ಣಪುಟ್ಟ ವಸ್ತುಗಳು, ಸುತ್ತ ಮುತ್ತಿಕೊಂಡ ಮಕ್ಕಳು. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಯಲ್ಲಿ ಪೀಪಿ, ಗಿರಗಟ್ಲೆ, ಬಲೂನುಗಳನ್ನು ಒಂದೇ ಕೋಲಿಗೆ ಕಟ್ಟಿ ಹೊತ್ತು ತಿರುಗುವವನನ್ನು ಕಂಡವರಿಗೆ ಆ ಚಿತ್ರ ಹೊಸದೆನಿಸುವುದಿಲ್ಲ. ಆದರೆ ಅದು ಆಟದ ಚಿತ್ರವಲ್ಲ, ಆಸೆಯ ಚಿತ್ರ. ಶೂದ್ರಕನ ನಾಟಕದಲ್ಲಿ ಪಕ್ಕದ ಮನೆಯ ಹುಡುಗನ ಬಂಗಾರದ ಬಂಡಿಯನ್ನು ಕಂಡ ಚಾರುದತ್ತನ ಮಗ ತನಗೆ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ಲಿ ಸಾಂಗ್ ಬರೆದದ್ದು ಆ ಜಾತಿಯ ಕಣ್ಣುಗಳನ್ನು.

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಮನೆಯ ಬಾಗಿಲಲ್ಲೇ ಇರುವ ಬಾದಾಮಿಯ ಮಾತು ಬರಬೇಕು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕಾಲ ಕ್ರಿ.ಶ. 578. ಎರಡನೆಯ ಗುಹೆಯಲ್ಲಿ ಕೃಷ್ಣಕಥೆಯ ಪಟ್ಟಿಕೆಗಳಿವೆ. ಗುಡ್ಡದ ಮೇಲಿನ ಶಿವಾಲಯದ ಗೋಡೆಯಲ್ಲಿ ಗೋವರ್ಧನವನ್ನೆತ್ತಿದ ಕೃಷ್ಣನಿದ್ದಾನೆ. ಪಟ್ಟದಕಲ್ಲಿಗೆ ಹೋದರೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ಪುರಾಣ ಕಥೆಗಳ ಸಾಲೇ ಇದೆ. ಹೀಗೆ ಬಾಲಕೃಷ್ಣನಿಗೆ ನಮ್ಮ ಕಲ್ಲಿನಲ್ಲಿ ಕೊರತೆಯಿಲ್ಲ. ಆದರೆ ಅವನು ಆಡುವುದನ್ನು ಕಂಡಿರಾ? ಕಲ್ಲಿನ ಕೃಷ್ಣ ಎತ್ತುತ್ತಾನೆ, ತುಳಿಯುತ್ತಾನೆ, ಸೀಳುತ್ತಾನೆ, ಕೊಲ್ಲುತ್ತಾನೆ. ಲೀಲೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಪರಾಕ್ರಮವನ್ನು.

ಇದು ಶಿಲ್ಪಿಗಳಿಗೆ ಬೇರೆ ಆಧಾರವಿಲ್ಲದೆ ಆದದ್ದಲ್ಲ. ಪ್ರಲಂಬಾಸುರನ ಪ್ರಸಂಗವನ್ನೇ ತೆಗೆದುಕೊಳ್ಳಿ. ವಿಷ್ಣುಪುರಾಣದ ಐದನೆಯ ಅಂಶದಲ್ಲಿ ಗೋಪಾಲಕರು ಜೋಡಿಜೋಡಿಯಾಗಿ ಜಿಂಕೆಯಂತೆ ನೆಗೆಯುವ ಆಟವಾಡುತ್ತಾರೆ. ಸೋತವರು ಗೆದ್ದವರನ್ನು ಬೆನ್ನ ಮೇಲೆ ಹೊತ್ತು ಭಾಂಡೀರವೆಂಬ ಆಲದ ಮರದವರೆಗೆ ಹೋಗಿ ಬರಬೇಕು. ಕೃಷ್ಣ ಶ್ರೀದಾಮನನ್ನು ಗೆಲ್ಲುತ್ತಾನೆ, ಬಲರಾಮ ವೇಷ ಮರೆಸಿ ಬಂದಿದ್ದ ಪ್ರಲಂಬನನ್ನು ಗೆಲ್ಲುತ್ತಾನೆ. ಬಲರಾಮನನ್ನು ಹೊತ್ತ ರಾಕ್ಷಸ ಮರಳಿ ಬರದೆ ಓಡತೊಡಗುತ್ತಾನೆ. ಮುಂದೆ ಭಾಗವತದ ದಶಮಸ್ಕಂಧದ ಹದಿನೆಂಟನೆಯ ಅಧ್ಯಾಯದಲ್ಲಿ ಇದೇ ಕಥೆ ಬಂದಾಗ ಒಂದು ಬದಲಾವಣೆಯಾಗಿದೆ. ಅಲ್ಲಿ ಕೃಷ್ಣ ಸೋಲುತ್ತಾನೆ. ಸೋತು, ಶ್ರೀದಾಮನನ್ನು ಬೆನ್ನ ಮೇಲೆ ಹೊರುತ್ತಾನೆ. ಭಕ್ತರು ಇದರಲ್ಲಿ ಭಗವಂತನ ಸೌಲಭ್ಯವನ್ನು, ಅಂದರೆ ಭಕ್ತರಿಗೆ ಸುಲಭನಾಗಿ ಒದಗುವ ಗುಣವನ್ನು, ಕಾಣುತ್ತಾರೆ, ಕಾಣಲಿ. ನಾನು ಕಾಣುವುದು ಮಕ್ಕಳ ಆಟವನ್ನು ಹತ್ತಿರದಿಂದ ನೋಡಿದ ಕವಿಯನ್ನು. ಯಾವಾಗಲೂ ಗೆಲ್ಲುವವನನ್ನು ಮಕ್ಕಳು ಬಹಳ ದಿನ ಆಟಕ್ಕೆ ಕರೆಯುವುದಿಲ್ಲ ಎಂಬುದು ಆ ಕವಿಗೆ ಗೊತ್ತಿತ್ತು.

ಆ ಅಧ್ಯಾಯದಲ್ಲಿ ಇನ್ನೂ ಏನೇನಿದೆ ನೋಡಿ. ಬಿಲ್ವದ ಕಾಯಿ, ನೆಲ್ಲಿಕಾಯಿ ಎಸೆದಾಡುವುದು, ಮುಟ್ಟಿಸಿಕೊಳ್ಳದೆ ಓಡುವುದು, ಕಣ್ಣು ಕಟ್ಟಿ ಆಡುವುದು, ಕಪ್ಪೆಯಂತೆ ಕುಪ್ಪಳಿಸುವುದು, ಉಯ್ಯಾಲೆ ಜೀಕುವುದು, ಒಬ್ಬ ರಾಜನಾಗಿ ಉಳಿದವರು ಪರಿವಾರವಾಗುವುದು. ಹನ್ನೆರಡನೆಯ ಅಧ್ಯಾಯದಲ್ಲಂತೂ ಒಬ್ಬನ ಬುತ್ತಿಯ ನೆಲುವನ್ನು ಇನ್ನೊಬ್ಬ ಕದ್ದು, ಅವನಿಗೆ ಗೊತ್ತಾದ ಕೂಡಲೇ ದೂರ ಎಸೆದು, ಅಲ್ಲಿದ್ದವರು ಅದನ್ನು ಇನ್ನೂ ದೂರ ಎಸೆದು, ಕೊನೆಗೆ ನಕ್ಕು ತಿರುಗಿ ಕೊಡುವ ಚೇಷ್ಟೆಯಿದೆ. ಶಾಲೆಯ ವರಾಂಡದಲ್ಲಿ ದಿನ ಬೆಳಗಾದರೆ ಯಾವನೋ ಒಬ್ಬನ ಟೊಪ್ಪಿಗೆಗೋ ಚಪ್ಪಲಿಗೋ ಇದೇ ಗತಿ. ಬ್ರೂಗೆಲ್ಲನಿಗಿಂತ ಎಷ್ಟೋ ಶತಮಾನ ಮೊದಲೇ ನಮ್ಮಲ್ಲಿ ಆಟಗಳ ಕೋಶವೊಂದು ಶ್ಲೋಕಗಳಲ್ಲಿ ಸಿದ್ಧವಾಗಿತ್ತು. ಕನ್ನಡದಲ್ಲಿ ಪಂಪನೂ 941ರ ಸುಮಾರಿಗೆ ತನ್ನ ಭಾರತದಲ್ಲಿ ಪಾಂಡವ ಕೌರವರನ್ನು ‘ಮರಗೆರಸಿ’ ಆಟಕ್ಕೆ, ಅಂದರೆ ಮರಕೋತಿಗೆ, ಹಚ್ಚಿದ್ದಾನೆ. ಮರದ ಮೇಲಿದ್ದವರನ್ನು ಭೀಮ ಕೆಳಗುದುರಿಸುತ್ತಾನೆ. ದೊಡ್ಡ ಯುದ್ಧದ ಮೊದಲ ಪೆಟ್ಟು ಬಿದ್ದದ್ದು ಆಟದಲ್ಲಿ.

ಕವಿಗಳಿಗೆ ಕಂಡದ್ದು ಶಿಲ್ಪಿಗಳಿಗೆ ಯಾಕೆ ಬೇಡವಾಯಿತು? ಬಾದಾಮಿಯವರು ಭಾಗವತವನ್ನು ಓದಿರಲಿಕ್ಕಿಲ್ಲ, ಅದು ಅವರಿಗಿಂತ ಈಚಿನದೆಂದೇ ಬಹುತೇಕ ವಿದ್ವಾಂಸರ ಅಭಿಪ್ರಾಯ; ಆದರೆ ಹೊರುವ ಆಟದ ಕಥೆ ಹಳೆಯದು, ಅವರ ಕಾಲಕ್ಕೆ ಅದು ಇದ್ದೇ ಇತ್ತು. ನನಗೆ ತೋರುವ ಕಾರಣ ಹೀಗಿದೆ. ಗುಡಿಗೆ ಬಂದವನು ಒಂದು ನೋಟದಲ್ಲಿ ದೇವರನ್ನು ಗುರುತಿಸಬೇಕು. ಗುರುತಿಸಲು ಬೆಟ್ಟ ಬೇಕು, ಹಾವಿನ ಹೆಡೆ ಬೇಕು, ಬೆಣ್ಣೆಯ ಮುದ್ದೆ ಬೇಕು. ಆಟವಾಡುವ ಗುಂಪಿನಲ್ಲಿ ಕೃಷ್ಣ ಹತ್ತರಲ್ಲಿ ಹನ್ನೊಂದನೆಯವನು. ಸೋತು ಗೆಳೆಯನನ್ನು ಹೊತ್ತವನನ್ನು ಕಲ್ಲಿನಲ್ಲಿ ಕಡೆದರೆ ಪೂಜೆ ಯಾರಿಗೆ, ಹೊತ್ತವನಿಗೋ ಕುಳಿತವನಿಗೋ? ಪುಟದ ಅಳತೆಯಲ್ಲಿ ಚಿತ್ರ ಬರೆದವರಿಗೆ ಈ ತೊಡಕಿರಲಿಲ್ಲ. ಕೈಯಲ್ಲಿ ಹಿಡಿದು ನಿಧಾನವಾಗಿ ನೋಡುವ ಚಿತ್ರದಲ್ಲಿ ಮೈಯ ನೀಲಿ ಬಣ್ಣವೊಂದೇ ಗುರುತಿಗೆ ಸಾಕು. ಆದ್ದರಿಂದಲೇ 18ನೆಯ ಶತಮಾನದ ಪಹಾಡಿ, ಅಂದರೆ ಹಿಮಾಲಯದ ತಪ್ಪಲಿನ, ಚಿತ್ರಕಾರರು ಕೃಷ್ಣನನ್ನು ನಿಶ್ಚಿಂತೆಯಿಂದ ಗೋಪಬಾಲಕರ ನಡುವೆ ಬಿಟ್ಟರು, ಕಣ್ಣುಮುಚ್ಚಾಲೆಯನ್ನೂ ಬರೆದರು.

ಬಾದಾಮಿಯ ಶಿಲ್ಪಿಗೆ ಆಟವೇ ಗೊತ್ತಿರಲಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಗುಹೆಗಳ ಜಗಲಿಯ ಕೆಳಗಿನ ಪಟ್ಟಿಕೆಯಲ್ಲಿ, ಜನ ಮೆಟ್ಟಿಲೇರುವ ಅವಸರದಲ್ಲಿ ಬಿಟ್ಟುಹೋಗುವ ಮೊಣಕಾಲೆತ್ತರದಲ್ಲಿ, ಗಿಡ್ಡ ಕಾಲಿನ, ಡೊಳ್ಳು ಹೊಟ್ಟೆಯ ಗಣಗಳ ಸಾಲಿದೆ. ಕುಣಿಯುವವರು, ಬಾರಿಸುವವರು, ಮೈ ತಿರುಚಿದವರು, ಕಾಲು ಮೇಲೆತ್ತಿದವರು. ಅವರು ಮಕ್ಕಳಲ್ಲ, ಶಿವನ ಪರಿವಾರ. ಆದರೆ ಆ ಮೈಗಳ ಹುರುಪು, ಒಬ್ಬನ ಭಂಗಿಯನ್ನು ಪಕ್ಕದವನು ಅಣಕಿಸಿದಂತಿರುವ ರೀತಿ ಶಾಲೆ ಬಿಟ್ಟ ಗಳಿಗೆಯ ಹುಡುಗರದು. ಮೇಲಿನ ದೊಡ್ಡ ಫಲಕಗಳಲ್ಲಿ ಶಾಸ್ತ್ರಕ್ಕೆ ಬದ್ಧನಾಗಿದ್ದ ಶಿಲ್ಪಿ ಕೆಳಗಿನ ಪಟ್ಟಿಯಲ್ಲಿ ಓಣಿಯನ್ನು ನೆನೆಸಿಕೊಂಡಿರಬೇಕು ಎಂಬುದು ನನ್ನ ಊಹೆ.

ಯುರೋಪಿನಲ್ಲಿ ಮುಂದೆ ಆಟ ಚಿತ್ರಕಾರರ ನೆಚ್ಚಿನ ವಸ್ತುವಾಯಿತು, ಆದರೆ ಅಲ್ಲಿಯೂ ಬೋಧನೆ ಬಿಡಲಿಲ್ಲ. ಸೋಪಿನ ಗುಳ್ಳೆ ಊದುವ ಹುಡುಗನೆಂದರೆ ಆಯುಷ್ಯದ ಕ್ಷಣಿಕತೆ ಎಂದು ಡಚ್ಚರು ನಿರ್ಧರಿಸಿಬಿಟ್ಟಿದ್ದರು. ನೀರ ಮೇಲಣ ಗುಳ್ಳೆಯ ಮಾತು ಕೇಳಿ ಬೆಳೆದ ನಮಗೆ ಅದು ತಕ್ಷಣ ತಿಳಿಯುತ್ತದೆ. ಫ್ರಾನ್ಸಿನ ಶಾರ್ದಾನ್ 1730ರ ದಶಕದಲ್ಲಿ ಅದೇ ಗುಳ್ಳೆಯನ್ನೂ, ಇಸ್ಪೀಟೆಲೆಯ ಮನೆಯನ್ನೂ, ಬೆರಳಿನಿಂದ ತಿರುಗಿಸಿದ ಸಣ್ಣ ಬುಗುರಿಯನ್ನೂ ಬರೆದ. ಬುಗುರಿಯ ಚಿತ್ರ ಲೂವ್ರ್ ಸಂಗ್ರಹಾಲಯದಲ್ಲಿದೆ. ಪುಸ್ತಕ, ಲೇಖನಿಗಳನ್ನು ಬದಿಗೆ ಸರಿಸಿದ ಹುಡುಗ, ಮೇಜಿನ ಮೇಲೆ ವಾಲುತ್ತಿರುವ ಬುಗುರಿ, ಅವನ ನೋಟ. ನಿಯಮವೇ ಇಲ್ಲದ ಆಟವಾದ್ದರಿಂದ ನನ್ನ ಪ್ರಶ್ನೆ ಇಲ್ಲಿ ನಡೆಯದು; ನಡೆಯದಿದ್ದರೂ ಚಿತ್ರವನ್ನು ಬಿಟ್ಟುಕೊಡಲಾರೆ. ಇದೇ ಗುಳ್ಳೆಯನ್ನು 1886ರಲ್ಲಿ ಇಂಗ್ಲೆಂಡಿನ ಮಿಲ್ಲೆ ತನ್ನ ಮೊಮ್ಮಗನನ್ನು ಕೂರಿಸಿ ಬರೆದ. ಪೇರ್ಸ್ ಸೋಪಿನವರು ಅದನ್ನು ಕೊಂಡು ಒಂದು ಸೋಪಿನ ಬಿಲ್ಲೆ ಸೇರಿಸಿ ಜಾಹೀರಾತು ಮಾಡಿದರು. ವೈರಾಗ್ಯದ ಗುಳ್ಳೆ ಕೊನೆಗೆ ಸೋಪು ಮಾರಿತು. ಸ್ಪೇನಿನ ಗೋಯ 1779ರಲ್ಲಿ, ಅರಮನೆಯ ಗೋಡೆಗೆ ನೇಯಿಸುವ ಪರದೆಗಳಿಗಾಗಿ, ಸಿಪ್ಪಾಯಿ ಆಟವಾಡುವ ಹುಡುಗರನ್ನು ನಯವಾಗಿ ಬರೆದುಕೊಟ್ಟ. 1810ರಿಂದ ಅವನು ಕೊರೆದ ಯುದ್ಧದ ಭೀಕರ ಚಿತ್ರಗಳನ್ನು ನೋಡಿದ ಮೇಲೆ ಆ ಮರದ ಬಂದೂಕುಗಳನ್ನು ಮೊದಲಿನ ಹಾಗೆ ನೋಡುವುದು ಕಷ್ಟ. ಅಮೆರಿಕದ ವಿನ್ಸ್ಲೋ ಹೋಮರ್ 1872ರಲ್ಲಿ ಬರೆದ ಚಾಟಿಯಾಟದಲ್ಲಿ ಬರಿಗಾಲ ಹುಡುಗರು ಕೈಕೈ ಹಿಡಿದು ಸಾಲಾಗಿ ಓಡುತ್ತಾರೆ, ಒಂದು ತುದಿಯವರು ಗಕ್ಕನೆ ಊರಿ ನಿಲ್ಲುತ್ತಾರೆ, ಇನ್ನೊಂದು ತುದಿಯವರು ಚಿಮ್ಮಿ ಬೀಳುತ್ತಾರೆ. ಯಾರು ಬಿದ್ದರು, ಯಾಕೆ ಬಿದ್ದರು ಎಂಬುದು ಕಣ್ಣಿಗೇ ತಿಳಿಯುವ ಚಿತ್ರವದು, ಪರೀಕ್ಷೆಯಲ್ಲಿ ಪಾಸು.

ದೊಡ್ಡವರು ಬರೆದದ್ದಾಯಿತು. ಆಡುವವರೇ ಬರೆದರೆ ಏನಾಗುತ್ತದೆ? ತರಗತಿಯಲ್ಲಿ ‘ನೀವು ಆಡುವ ಆಟವನ್ನು ಬರೆಯಿರಿ’ ಎಂದಾಗ ಬರುವ ಹಾಳೆಗಳಲ್ಲಿ ನಾನು ಕಂಡದ್ದು ಇದು. ಸಣ್ಣ ತರಗತಿಯ ಮಕ್ಕಳು ಮೊದಲು ಆಟಗಾರರನ್ನು ಬರೆಯುವುದೇ ಇಲ್ಲ, ಅಂಕಣವನ್ನು ಬರೆಯುತ್ತಾರೆ. ಕುಂಟಾಟವಾದರೆ ಮೊದಲು ಮನೆಗಳು, ಮೇಲಿಂದ ನೋಡಿದಂತೆ, ನೆಟ್ಟಗೆ. ಆಮೇಲೆ ಆ ಮನೆಗಳ ಸುತ್ತ ನಾಲ್ಕೂ ದಿಕ್ಕಿಗೆ ಮಲಗಿಸಿದಂತೆ ಮನುಷ್ಯರು. ಲಗೋರಿಯಾದರೆ ಕಲ್ಲಿನ ಅಡಕಲು ಪಕ್ಕದಿಂದ, ಸುತ್ತಲಿನ ಗೆರೆ ಮೇಲಿಂದ. ಚಿಣಿಪಣಿಯಾದರೆ ನೆಲದ ಕುಳಿಯೇ ತಲೆಗಿಂತ ದೊಡ್ಡದು. ಚಿತ್ರಕಲೆಯ ಪಠ್ಯದ ಪ್ರಕಾರ ಇದು ದೃಷ್ಟಿಕೋನದ ದೋಷ, ಹತ್ತನೆಯ ತರಗತಿಯ ಹೊತ್ತಿಗೆ ಇದನ್ನು ತಿದ್ದಿ ಮುಗಿಸಿರುತ್ತೇವೆ. ಆದರೆ ಆಟವನ್ನು ಕಲಿಯಬೇಕೆನ್ನುವವನಿಗೆ ತಿದ್ದಿದ ಚಿತ್ರಕ್ಕಿಂತ ತಿದ್ದದ ಚಿತ್ರವೇ ಹೆಚ್ಚು ಹೇಳುತ್ತದೆ. ಬ್ರೂಗೆಲ್ ಮಾಳಿಗೆಯ ಎತ್ತರಕ್ಕೆ ಏರಿದ್ದು ಇದೇ ಅವಶ್ಯಕತೆಯಿಂದ ಎಂದು ನನಗೆ ಅನ್ನಿಸುತ್ತದೆ. ನಿಯಮ ಇರುವುದು ನೆಲದ ಮೇಲೆ. ನೆಲ ಕಾಣದ ಚಿತ್ರದಲ್ಲಿ ಮಕ್ಕಳು ಬರಿದೆ ಕೈಕಾಲು ಬೀಸುತ್ತಾರೆ.

ಮಕ್ಕಳ ಕೈಯ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಕಾಗದವೇ ಬೇಕೆಂದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಜಿಗುಟು ಮಣ್ಣಿನಲ್ಲಿ ಎತ್ತು ಮಾಡುವಾಗ ಯಾವ ಹುಡುಗನೂ ಮುಖಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ, ಕೊಂಬು ಮತ್ತು ಇಣಿಯಲ್ಲಿ ಅವನ ಲಕ್ಷ್ಯವಿರುತ್ತದೆ. ದೀಪಾವಳಿಗೆ ಬೆಳಗಾವಿಯ ಓಣಿಗಳಲ್ಲಿ ಮಕ್ಕಳು ಕಟ್ಟುವ ಮಣ್ಣಿನ ಕೋಟೆಗಳಲ್ಲಿ ಬುರುಜು, ಬಾಗಿಲು, ಮೆಟ್ಟಿಲುಗಳ ಸ್ಥಾನಕ್ಕಾಗಿ ನಡೆಯುವ ಜಗಳವನ್ನು ಕೇಳಬೇಕು. ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರದಲ್ಲಿ ಮಾಡುವ ಹಣ್ಣು ತರಕಾರಿಗಳು ಎಷ್ಟು ನಿಜವಾಗಿ ಕಂಡರೂ ಅವು ಕಪಾಟಿನಲ್ಲಿ ಕುಳಿತುಕೊಳ್ಳುತ್ತವೆ. ಇಟ್ಟಂಗಿಯ ಖಾರಪುಡಿ ಮಾತ್ರ ಪ್ರತಿದಿನ ಸಾರಿಗೆ ಬೀಳುತ್ತದೆ.

1930ರ ದಶಕದ ಕೊನೆಯಿಂದ ನ್ಯೂಯಾರ್ಕಿನ ಬೀದಿಗಳಲ್ಲಿ ಹೆಲೆನ್ ಲೆವಿಟ್ ಎಂಬ ಛಾಯಾಗ್ರಾಹಕಿ ಮಕ್ಕಳನ್ನು ಮಾತ್ರವಲ್ಲ, ಅವರು ಗೋಡೆ ಮತ್ತು ರಸ್ತೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದ್ದನ್ನೂ ಫೋಟೋ ತೆಗೆದಳು. ಆಟ ಮುಗಿದು ಮಕ್ಕಳು ಹೋದಮೇಲೆ ಉಳಿಯುವ ಗೆರೆಗಳೂ ಕಲೆಯ ವಿಷಯವೇ ಎಂದು ಹೀಗೆ ಒಪ್ಪಿಕೊಂಡವರು ಕಡಿಮೆ. ನಮ್ಮ ಜಿಲ್ಲೆಗಳ ಹಳೆಯ ಗುಡಿಗಳಿಗೆ ಹೋಗುವವರು ತಲೆಯೆತ್ತಿ ಮೇಲ್ಛಾವಣಿ ನೋಡುವಷ್ಟೇ ಗಮನವಿಟ್ಟು ಕೂಡುವ ಕಟ್ಟೆಯನ್ನೂ ನೆಲದ ಹಾಸುಗಲ್ಲನ್ನೂ ನೋಡಬೇಕೆಂದು ನಾನು ಹೇಳುವುದು ಅದಕ್ಕೇ. ಹುಲಿಕುರಿ ಆಟದ ಗೆರೆಗಳು, ಚೌಕಾಬಾರದ ಮನೆಗಳು, ಸಾಲು ಕುಳಿಗಳು ಎಷ್ಟೋ ಕಡೆ ಕಲ್ಲಿನಲ್ಲಿಯೇ ಕೊರೆದಿವೆ. ಕೊರೆದವರು ದನ ಕಾಯುವ ಹುಡುಗರೋ, ಊಟದ ಹೊತ್ತಿನಲ್ಲಿ ಬೇಸರ ಕಳೆಯುತ್ತಿದ್ದ ಕಲ್ಲುಕುಟಿಗರೋ, ಯಾವ ಶಾಸನವೂ ಹೇಳುವುದಿಲ್ಲ. ಕಳೆದ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಅಂಥ ಒಂದು ಕಟ್ಟೆಯ ಮೇಲೆ ಹುಲಿಕುರಿಯ ಗೆರೆ ಕಂಡದ್ದೇ ತಡ, ಇಬ್ಬರು ಹುಡುಗರು ಕಲ್ಲಿನ ಹರಳು ಆರಿಸಿಕೊಂಡು ಕುಳಿತುಬಿಟ್ಟರು. ಯಾರ ಮನೆಯಲ್ಲಿ ಎಷ್ಟು ಹುಲಿ ಇಡುವ ರೂಢಿ ಎಂಬುದರ ಮೇಲೆ ಮೊದಲಿಗೇ ವಾದ ಹತ್ತಿತು. ಕೂಗಿ ಕರೆದರೆ, ‘ತಡೀರಿ ಸರ್, ಇವಂದೊಂದು ಕುರಿ ಐತಿ’ ಎಂಬ ಉತ್ತರ ಬಂತು. ಬಸ್ಸಿನ ಡ್ರೈವರ್ ಮೂರು ಸಲ ಹಾರ್ನ್ ಹೊಡೆದ.